ಅಗಸೆಯ ನಾರು, ಇಂಗ್ಲಿಷ್ ಪಾಠ

ನನ್ನ ಹೆಸರು ದ್ರೌಪದಿ. ಹೆಸರಿಗೆ ತಕ್ಕ ಸಿಟ್ಟು ಎಂದು ಊರೆಲ್ಲ ಆಡಿಕೊಳ್ಳುತ್ತದೆ, ಸುಳ್ಳೇನಲ್ಲ. ಆದರೆ ಆ ವರ್ಷ ನನ್ನ ಸಿಟ್ಟಿಗೆ ಸರಿಯಾದ ಕಾರಣವಿತ್ತು. ಎಂಬತ್ಮೂರರ ದೀಪಾವಳಿ ಮುಗಿಯುತ್ತಲೇ ನಮ್ಮ ಹುಡುಗಿಯರ ಶಾಲೆಯ ಇಂಗ್ಲಿಷ್ ಮಾಸ್ತರರು ವರ್ಗ ಮಾಡಿಸಿಕೊಂಡು ಹೋದರು. ಆಳಂದ ತಾಲ್ಲೂಕಿನಲ್ಲಿ ಹಿರೋಳ್ಳಿಯಿಂದಾಚೆ, ಬಸ್ಸು ಬಂದು ತಿರುಗಿ ನಿಲ್ಲುವ ಊರು ನಮ್ಮದು. ಅಲ್ಲಿಗೆ ಬೇರೆ ಮಾಸ್ತರರು ಯಾರು ಬರುತ್ತಾರೆ? ಹತ್ತನೆಯ ತರಗತಿಗೆ ಏಪ್ರಿಲ್‌ನಲ್ಲಿ ಬೋರ್ಡ್ ಪರೀಕ್ಷೆ. ಇಂಗ್ಲಿಷ್‌ನಲ್ಲಿ ಡುಮ್ಕಿ ಹೊಡೆದ ಹುಡುಗನಿಗೆ ಮತ್ತೆ ಕಟ್ಟಲು ಫೀ ಸಿಗುತ್ತದೆ. ಹುಡುಗಿಗೆ ವರ ಸಿಗುತ್ತಾನೆ. ಹುಲೆಪ್ಪನ ಮಗಳು ಸಾಬವ್ವನಿಗೆ ಆಗಲೇ ಒಬ್ಬನನ್ನು ನೋಡಿಟ್ಟಿದ್ದರು. ಪಾಸಾದರೆ ಕಾಲೇಜು, ಇಲ್ಲದಿದ್ದರೆ ಮೇ ತಿಂಗಳಲ್ಲಿ ಅಕ್ಷತೆ ಎಂದು ಅವಳಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ.

ನಾನು ಅದೇ ಶಾಲೆಯಲ್ಲಿ ಹೊಲಿಗೆ ಟೀಚರು. ಮದುವೆಯಾದ ಮೇಲೆ ಮನೆಯಲ್ಲೇ ಓದಿ ಬಿ.ಎ. ಪಾಸು ಮಾಡಿದ್ದೆ, ಅದೂ ಇಂಗ್ಲಿಷ್ ತೆಗೆದುಕೊಂಡು. ಈ ಹುಡುಗಿಯರಿಗೆ ನಾನು ಪಾಠ ಮಾಡುತ್ತೇನೆ ಎಂದು ಹೆಡ್‌ಮಾಸ್ತರ್ ಶಾಂತಲಿಂಗಪ್ಪನವರ ಎದುರು ಹೋಗಿ ನಿಂತೆ.

“ದ್ರೌಪದಿಬಾಯಿಯವರೇ, ಇಂಗ್ಲಿಷ್ ಅಂದ್ರ ಕುಪ್ಪಸ ಹೊಲಿದಂಗ ಅಲ್ರಿ,” ಎಂದರು ಅವರು. “ಅದಕ್ಕ ಬ್ಯಾರೆ ತಲಿ ಬೇಕು.”

“ತಲಿ ಒಂದೇ ಇರೋದ್ರಿ ಸರ್. ಅದರಾಗ ಎರಡೂ ಹಿಡಿಸ್ಯಾವ.”

ಅವರು ಕೆಟ್ಟವರಲ್ಲ. ಆದರೆ ಅವರ ಪ್ರಕಾರ ಇಂಗ್ಲಿಷ್ ಎಂದರೆ ಶಬ್ದಕ್ಕೊಂದು ಅರ್ಥ, ಅದನ್ನು ಮರೆತರೆ ಅಂಗೈಗೊಂದು ಛಡಿ. ನಾನು ಜಾಗ ಬಿಟ್ಟು ಕದಲದಿದ್ದಾಗ ಕೊನೆಗೆ ಹೇಳಿದರು: “ಫೆಬ್ರುವರಿಗೆ ತಪಾಸಣಿ ಸಾಹೇಬ್ರು ಗುಲಬರ್ಗಾದಿಂದ ಬರ್ತಾರ. ಅವರ ಮುಂದ ಒಂದು ಪಾಠ ಮಾಡಿ ತೋರಸ್ರಿ. ಅವರು ಹೂಂ ಅಂದ್ರ ನಂದೇನೂ ತಕರಾರಿಲ್ಲ.”

ನನ್ನ ಗಂಡ ದಶರಥ ಬಸ್ ಕಂಡಕ್ಟರ್. ಸೋಲಾಪುರದ ಫುಟ್‌ಪಾತ್‌ನಿಂದ ಇಟ್ಟಿಗೆಯಷ್ಟು ದಪ್ಪದ ಹಳೆಯ ಡಿಕ್ಷನರಿ ತಂದುಕೊಟ್ಟಿದ್ದ. ಅದನ್ನು ತಿರುವುತ್ತಾ ‘ಲೈನ್’ ಎಂಬ ಶಬ್ದಕ್ಕೆ ಬಂದು ನಿಂತೆ. ಅಷ್ಟು ಸಣ್ಣ ಶಬ್ದಕ್ಕೆ ಪುಟಗಟ್ಟಲೆ ಅರ್ಥ! ಕೊನೆಗೆ ಅದರ ಮೂಲವೂ ಇತ್ತು: ಲ್ಯಾಟಿನ್ ಭಾಷೆಯಲ್ಲಿ ಅಗಸೆ ಗಿಡದ ಹೆಸರಿನಿಂದ, ಆ ಗಿಡದ ನಾರಿನಿಂದ ಹೊಸೆದ ದಾರದಿಂದ ಈ ಶಬ್ದ ಹುಟ್ಟಿತಂತೆ. ನಾನು ನೆಟ್ಟಗಾಗಿ ಕುಳಿತೆ. ಮೊನ್ನೆ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಭಜ್ಜಿ ರೊಟ್ಟಿ ಉಂಡದ್ದು ಅದೇ ಅಗಸೆಯ ನೀಲಿ ಹೂವಿನ ಪಕ್ಕದಲ್ಲಿ! ಲ್ಯಾಟಿನ್ ಮಂದಿಯ ಗಿಡ ನಮ್ಮ ಕಡಲೆ ಹೊಲದ ಸಾಲಿನಲ್ಲಿ ನಿಂತಿದೆ. ಹುಡುಗಿಯರಿಗೆ ಇದನ್ನು ಹೇಳಿದರೆ ಸಾಲದು, ಕೈಗೆ ಕೊಡಬೇಕು ಎನಿಸಿತು.

ಅತ್ತೆ ಸುಭದ್ರಾಬಾಯಿ ನಕ್ಕಳು. “ಅಗಸಿ ಅಂದ್ರ ಎಣ್ಣಿಗೆ, ಹಿಂಡಿಗೆ. ನಾರು ಬೇಕಂದ್ರ ಪುಂಡಿ ಅದ. ಓದಿ ಓದಿ ತಲಿ ಕೆಟ್ಟದ ಬೇ ನಿಂದು.”

ಪುಂಡಿ ನಮಗೆ ಹೊಸದಲ್ಲ. ಎಲೆ ಪಲ್ಯಕ್ಕೆ ಬರುತ್ತದೆ, ಅದರ ಕಟ್ಟಿಗೆಯನ್ನು ಹಳ್ಳದ ನೀರಿನಲ್ಲಿ ಕಲ್ಲು ಹೇರಿ ನೆನೆಸಿಟ್ಟು, ನಾರು ಸುಲಿದು, ಎತ್ತಿಗೆ ಹಗ್ಗ ಹೊಸೆಯುತ್ತೇವೆ. ನಾನೂ ಅದೇ ಲೆಕ್ಕದಲ್ಲಿ ಅಗಸೆಯ ಒಂದು ಕಟ್ಟು ಕಿತ್ತು ಹಳ್ಳದಲ್ಲಿ ಮುಳುಗಿಸಿ, ಪುಂಡಿಗೆ ಬಿಡುವಷ್ಟೇ ದಿನ ಬಿಟ್ಟು ಹೋದೆ. ಎತ್ತಿದರೆ ಏನಿದೆ? ಅಂಬಲಿ. ಬೆರಳ ಸಂದಿಯಿಂದ ಜಾರಿ ಹೋಯಿತು, ನಾತ ಮಾತ್ರ ಕೈಯಲ್ಲಿ ಉಳಿಯಿತು. ನನಗೆ ಅಳುವೇ ಬಂತು. ತಪಾಸಣೆ ಮುಂದಿನ ತಿಂಗಳೇ ಇತ್ತು.

ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ನೋಡಿದಳು. “ಪುಂಡಿ ಕಟಗಿ ಹೆಬ್ಬಟ್ಟಿನಷ್ಟು ದಪ್ಪ, ಇದು ಕಸಬರಿಗಿ ಕಡ್ಡಿ. ಕೂಸಿಗೂ ಕೋಣಕ್ಕೂ ಒಂದೇ ಅಳತಿ ಹಿಡದಿಯಲ್ಲ! ನಡಿ, ಇನ್ನೊಂದು ಕಟ್ಟು ಕಿತ್ತು ತಾ.”

ಎರಡನೆಯ ಕಟ್ಟಿಗೆ ಅವಳೇ ಯಜಮಾನಿ. ದಿನಾ ಮುಂಜಾನೆ ಹಳ್ಳಕ್ಕೆ ಹೋಗಿ ಒಂದು ಕಡ್ಡಿ ಮುರಿದು ನೋಡಿ ಬರುತ್ತಿದ್ದಳು. ಸಿಪ್ಪೆ ಸಡಿಲವಾದ ದಿನವೇ ಎತ್ತಿಸಿ, ಮಾಳಿಗೆ ಮೇಲೆ ಒಣಗಿಸಿ, ಬಡಿಗೆಯಿಂದ ಬಡಿದಳು. ಕಡ್ಡಿಯೆಲ್ಲ ಉದುರಿ ನಾರು ಉಳಿಯಿತು. ಮುದುಕಿಯ ಕೂದಲಿನಂತೆ ಬೆಳ್ಳಗೆ, ನುಣ್ಣಗೆ. ತೊಡೆಯ ಮೇಲೆ ಹೊಸೆದು ದಾರ ಮಾಡುವಾಗ ಅವಳ ಮುಖ ನೋಡಬೇಕಿತ್ತು! “ಇಷ್ಟು ವರ್ಷ ಇದನ್ನ ಒಲಿಗಿ ಹಾಕಿದ್ವಿ,” ಎಂದು ಒಂದೇ ಸಮನೆ ಹೇಳುತ್ತಿದ್ದಳು.

ತಪಾಸಣೆಯ ದಿನ ಸಾಹೇಬರು ಹಿಂದಿನ ಬೆಂಚಿನಲ್ಲಿ ಕುಳಿತರು. ಹೆಡ್‌ಮಾಸ್ತರರು ಕಂಕುಳಲ್ಲಿ ಛಡಿ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತರು. ನಾನು ಬೋರ್ಡಿನ ಮೇಲೆ ‘ಲೈನ್’ ಎಂದು ಇಂಗ್ಲಿಷಿನಲ್ಲಿ ಬರೆದು ಅರ್ಥ ಕೇಳಿದೆ.

“ಗೆರಿ!” ಎಂದು ತರಗತಿಯೆಲ್ಲ ಒಂದೇ ಧ್ವನಿಯಲ್ಲಿ ಕೂಗಿತು. ಹೆಡ್‌ಮಾಸ್ತರರಿಗೆ ಸಮಾಧಾನವಾಯಿತು.

“ಅಷ್ಟೇ ಏನು? ಮನ್ಯಾಗ, ಓಣ್ಯಾಗ ಈ ಶಬ್ದ ಕೇಳೇ ಇಲ್ಲೇನು?”

ಮೊದಲು ಗೌಸಿಯಾಬೇಗಂ ಮೆಲ್ಲಗೆ ಎದ್ದಳು. “ಸೊಸೈಟಿ ಮುಂದ ಚಿಮಣಿ ಎಣ್ಣಿಗೆ ಲೈನ್ ಹಚ್ತಾರ್ರಿ.” ಅಷ್ಟೇ ಬೇಕಿತ್ತು, ಕಟ್ಟೆ ಒಡೆಯಿತು. ಕರೆಂಟಿನ ಲೈನ್, ರೈಲ್ವೆ ಲೈನ್. ಒಬ್ಬಳ ಮಾವ ಬಾಂಬೆ ಲೈನ್ ಮೇಲೆ ಲಾರಿ ಓಡಿಸುತ್ತಾನೆ, ಇನ್ನೊಬ್ಬಳ ಅಪ್ಪನದು ಕಿರಾಣಿ ಲೈನ್. ಹಿಂದಿನಿಂದ ಯಾರೋ “ಹುಡುಗ್ರು ಲೈನ್ ಹೊಡೀತಾರ್ರಿ” ಎಂದು ಪಿಸುಗುಟ್ಟಿದರು. ತರಗತಿ ಬಿದ್ದು ಬಿದ್ದು ನಕ್ಕಿತು. ಸಾಹೇಬರೂ ನಕ್ಕರು. ಹೆಡ್‌ಮಾಸ್ತರರು ಮಾತ್ರ ಮಾಡಿನ ಜಂತಿ ಎಣಿಸುತ್ತಿದ್ದರು.

“ಅದೆಲ್ಲಾ ಖರೆ,” ಎಂದರು ಸಾಹೇಬರು. “ಒಂದೇ ಶಬ್ದಕ್ಕ ಇಷ್ಟು ಅರ್ಥ ಹೆಂಗ ಬಂದ್ವು?”

ನಾನು ದಾರ ತೆಗೆದು ಒಂದು ತುದಿ ಕಿಟಕಿಗೆ ಕಟ್ಟಿದೆ, ಇನ್ನೊಂದನ್ನು ಬಾಗಿಲಲ್ಲಿದ್ದ ಹೆಡ್‌ಮಾಸ್ತರರ ಕೈಗೇ ಕೊಟ್ಟೆ. “ಮೊದಲು ಇದ್ದದ್ದು ದಾರ. ಜಗ್ಗಿ ಹಿಡಿದರ ನೆಟ್ಟಗಾತು. ಅದರ ಗುಂಟ ಎಳೆದದ್ದು ಗೆರಿ. ಗೆರಿ ಗುಂಟ ಮಂದಿ ನಿಂತರ ಸಾಲು, ಗಾಡಿ ಹೋದರ ದಾರಿ. ಮನಿಷಾ ಹೊಟ್ಟಿಪಾಡಿಗೆ ಹಿಡಿದ ದಾರೀನೂ ಅವನ ಲೈನೇ. ನೀವು ಕುಪ್ಪಸಕ್ಕ ಹಚ್ಚೋ ಅಸ್ತರಿಗೆ ಲೈನಿಂಗ್ ಅಂತೀರಲ್ಲ, ಅದೂ ಇದೇ ಗಿಡದ ಬಟ್ಟಿಯಿಂದ ಬಂದ ಹೆಸರು. ಆ ಗಿಡ ಅಗಸಿ.”

“ಅಗಸಿ ಇಲ್ಲಿ ಬೀಜಕ್ಕ ಬೆಳೀತಾರ್ರಿ. ನಾರು ತೆಗೆಯೋದು ಯುರೋಪದಾಗ,” ಎಂದರು ಸಾಹೇಬರು.

“ನೀವು ನೋಡಾಕತ್ತದ್ದು ನಮ್ಮ ಹೊಲದ್ದೇ ನಾರು. ಜಗ್ಗಿ ನೋಡ್ರಿ.”

ಅವರು ಎದ್ದು ಬಂದು, ದಾರವನ್ನು ಎರಡೂ ಅಂಗೈಗೆ ಸುತ್ತಿ ಜಗ್ಗಿದರು. ಅಂಗೈ ಕೆಂಪಾಯಿತು, ದಾರ ಹರಿಯಲಿಲ್ಲ. ಹುಡುಗಿಯರು ಹೋ ಎಂದರು. ಆದರೆ ಅವರು ಹುಷಾರಿನ ಮನುಷ್ಯ, ದಾರಕ್ಕೆ ಮರುಳಾಗುವವರಲ್ಲ. ತಟ್ಟನೆ ಸಾಬವ್ವನ ಕಡೆ ತಿರುಗಿ, ಮೀನುಗಾರರು ಹೊಳೆಗೆ ಲೈನ್ ಎಸೆದರು ಎಂಬ ಮಾತನ್ನು ಇಂಗ್ಲಿಷಿನಲ್ಲಿ ಹೇಳಿ ಅರ್ಥ ಕೇಳಿದರು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಸಾಬವ್ವ ಹುಬ್ಬು ಗಂಟಿಕ್ಕಿದಳು. “ಮೀನ ಹಿಡಿಯೋರು ಹೊಳಿಗೆ ಗೆರಿ ಯಾಕ ಒಗೀತಾರ್ರಿ? ದಾರಾನೇ ಇರಬೇಕು… ಗಾಳದ ದಾರ್‌ರಿ ಸರ್!”

ಮೊದಲು ಚಪ್ಪಾಳೆ ತಟ್ಟಿದವರು ಹೆಡ್‌ಮಾಸ್ತರರು. ಛಡಿ ಅವರ ಕಂಕುಳಿಂದ ಜಾರಿ ಬಿದ್ದದ್ದೂ ಅವರಿಗೆ ಗೊತ್ತಾಗಲಿಲ್ಲ.

“ವಾರಕ್ಕ ಎರಡು ಪಿರಿಯಡ್ ಇವರಿಗೆ ಕೊಡ್ರಿ,” ಎಂದರು ಸಾಹೇಬರು.

“ಎರಡು ಸಾಲೂದಿಲ್ರಿ,” ಎಂದೆ. “ದಿನಾ ಬೇಕು. ಅದೂ ಮುಂಜಾನಿ ಮೊದಲನೇ ಪಿರಿಯಡ್.”

ಕೊಟ್ಟರು. ಆ ಎರಡು ತಿಂಗಳು ನಾನು ಹುಡುಗಿಯರನ್ನೂ ಬಿಡಲಿಲ್ಲ, ಅವರು ನನ್ನನ್ನೂ ಬಿಡಲಿಲ್ಲ. ಫಲಿತಾಂಶ ಬಂದಾಗ ಇಂಗ್ಲಿಷ್‌ನಲ್ಲಿ ಒಬ್ಬಳೂ ಡುಮ್ಕಿ ಹೊಡೆದಿರಲಿಲ್ಲ. ಗಣಿತದಲ್ಲಿ ಹೊಡೆದವರಿದ್ದರು, ಅದಕ್ಕೆ ನಾನು ಹೊಣೆಯಲ್ಲ. ಸಾಬವ್ವ ಎಲ್ಲದರಲ್ಲೂ ಪಾಸು.

ಮರುದಿನ ಹುಲೆಪ್ಪ ಪೇಡೆ ತೆಗೆದುಕೊಂಡು ನಮ್ಮ ಬಾಗಿಲಿಗೆ ಬಂದ. ರುಮಾಲು ಸರಿಮಾಡಿಕೊಳ್ಳುತ್ತಾ, ನೆಲ ನೋಡುತ್ತಾ, “ವರನ ಕಡಿಯವರಿಗೆ ಬ್ಯಾಡಂತ ಹೇಳಿ ಬಂದೇನ್ರಿ ಟೀಚರ್. ಆಳಂದದ ಕಾಲೇಜಿಗೆ ಯಾವಾಗ ಹೋಗಬೇಕ್ರಿ?” ಎಂದ. ಇವನ ಮುಂದೆ ಅತ್ತುಬಿಟ್ಟೇನೆಂದು ಹೆದರಿ, ಓಣಿಗೆಲ್ಲ ಕೇಳುವಂತೆ ಬೈದೆ:

“ಇನ್ನೂ ಇಲ್ಲೇ ನಿಂತೀರಲ್ಲ ಹುಲೆಪ್ಪಣ್ಣ! ಮಗಳನ್ನ ಕರ್ಕೊಂಡು ಇವತ್ತೇ ಹೋಗಿ ಹೆಸರು ಹಚ್ಚಿ ಬರ್ರಿ!”