ಧಣಿಗಳು ಕೊಟ್ಟ ಬಾಯ್ಲರ್

ಯುದ್ಧ ಮುಗಿದ ವರ್ಷ ನಮ್ಮ ಧಣಿ ಲೋಕನಾಥ ಶೆಟ್ಟರಿಗೆ ಬಾಡಿಗೆದಾರರ ಮೇಲೆ ಇದ್ದಕ್ಕಿದ್ದಂತೆ ಕರುಣೆ ಉಕ್ಕಿತು. ಉಪ್ಪಳದ ಅವರ ಸಾಲುಮನೆಯಲ್ಲಿ ನಾವು ಮೂರು ಸಂಸಾರ. ಎಲ್ಲರಿಗೂ ಒಂದೇ ಬಚ್ಚಲು, ಒಂದೇ ತಾಮ್ರದ ಹಂಡೆ. ಒಲೆಗೆ ತೆಂಗಿನ ಸಿಪ್ಪೆ ತುರುಕಿದರೆ ಊರಿಗೇ ಸಾಲುವಷ್ಟು ನೀರು ಕಾಯುತ್ತಿತ್ತು.

"ಆ ಹೊಗೆಯಲ್ಲಿ ನಿಮ್ಮ ಕಣ್ಣು ಹೋಗ್ತದೆ ಮಾರಾಯ್ರೆ," ಎಂದರು ಧಣಿಗಳು. ಮಂಗಳೂರಿನಿಂದ ತಗಡಿನ ಬಾಯ್ಲರ್ ತರಿಸಿ, ನಲ್ಲಿಗೆ ಕುಂಕುಮ ಹಚ್ಚಿ, ಭಾಷಣ ಬಿಗಿದರು. ಹೋಗುವಾಗ ಹಂಡೆಯನ್ನು ಗಾಡಿಗೆ ಹೇರಿಸಿ ತಮ್ಮ ಮನೆಗೆ ಒಯ್ದರು. ಅವರ ಕಣ್ಣು ಗಟ್ಟಿ ಇರಬೇಕು.

ಬಾಯ್ಲರೋ, ಇದ್ದಲನ್ನಷ್ಟೇ ತಿನ್ನುವ ದೊಡ್ಡಮನುಷ್ಯ. ಮುಂಜಾನೆ ಹಚ್ಚಿದರೆ ಮಧ್ಯಾಹ್ನಕ್ಕೆ ಎರಡು ಚೆಂಬು ಉಗುರುಬೆಚ್ಚನೆಯ ನೀರು.

ದೀಪಾವಳಿ ಬಂತು. ಎಣ್ಣೆಸ್ನಾನದ ಹಿಂದಿನ ಸಂಜೆ ಹಂಡೆ ತೊಳೆದು, ಕೊರಳಿಗೆ ಹಿಂಡಲೆ ಬಳ್ಳಿ ಸುತ್ತಿ ನೀರು ತುಂಬುವುದು ಪದ್ಧತಿ. ಬಾಯ್ಲರಿಗೆ ಕೊರಳೆಲ್ಲಿ? ಬೆಳಗ್ಗೆ ಪಕ್ಕದ ಮನೆಯ ಪಂಕಜಾಕ್ಷಿಯಕ್ಕ ಎಲ್ಲರ ತಲೆಗೂ ಎಣ್ಣೆ ಹಚ್ಚಿ, ಮೂರೂ ಸಂಸಾರವನ್ನು ಸೀದಾ ಧಣಿಗಳ ಮನೆಗೆ ನಡೆಸಿದಳು. ಹಬ್ಬದ ದಿನ ಎಣ್ಣೆತಲೆಯಲ್ಲಿ ಬಂದವರನ್ನು ಹಿಂದಕ್ಕೆ ಕಳಿಸುವ ಧೈರ್ಯ ಯಾರಿಗುಂಟು?

"ಎಂತ ಇದು?" ಎಂದರು ಧಣಿಗಳು. ಅವರ ಮೈಯಿಂದಲೂ ಎಣ್ಣೆ ಇಳಿಯುತ್ತಿತ್ತು.

"ನಿಮ್ಮ ಕಣ್ಣು ಹೋದರೆ ನಮಗೆ ಯಾರು ಗತಿ, ಧಣಿಗಳೇ? ಈ ಹೊಗೆ ನಾವೇ ಕುಡೀತೇವೆ," ಎಂದಳು ಅಕ್ಕ.

ನಾವೆಲ್ಲ ಮಿಂದು ಮುಗಿಸುವಾಗ ಹಂಡೆಯ ತಳ ಕಂಡಿತ್ತು. ಅಕ್ಕ ನಮ್ಮ ಬಚ್ಚಲಿನ ಕೀಲಿಕೈಯನ್ನು ಧಣಿಗಳ ಎಣ್ಣೆಗೈಗೆ ಇಟ್ಟಳು.

"ಬಾಯ್ಲರಿಗೆ ಬೆಂಕಿ ಹಾಕಿಯೇ ಬಂದಿದ್ದೇವೆ. ಮಧ್ಯಾಹ್ನಕ್ಕೆ ನಿಮಗೆ ಎರಡು ಚೆಂಬು ನೀರು ಉಂಟು."