ರೆಪ್ಪೆಯಡಿಯ ಉಬ್ಬು

"ಕೆಳಗೆ ನೋಡಿ. ಇನ್ನೂ ಕೆಳಗೆ," ಎಂದು ಡಾಕ್ಟರಮ್ಮ ಅವನ ಬಲಗಣ್ಣಿನ ರೆಪ್ಪೆ ಎತ್ತಿ ಹಿಡಿದರು.

ಪಂಕ್ಚರ್ ಅಂಗಡಿಯವನಿಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಗದ್ದ ಕಣ್ಣು ಪರೀಕ್ಷಿಸುವ ಯಂತ್ರದ ಮೇಲಿದ್ದರೂ ಕಾಲು ಕೆಳಗೆ ಕುಣಿಯುತ್ತಲೇ ಇತ್ತು. ಎಡಗಣ್ಣು ಗ್ಲಾಕೋಮಾದಿಂದ ಹೋಗಿ ವರ್ಷಗಳಾಗಿದ್ದವು; ಉಳಿದದ್ದು ಇದೊಂದೇ. ಕಣ್ಣೊಳಗಿನ ನೀರಿನ ಒತ್ತಡ ಇಳಿಸಲು ಹೋದ ತಿಂಗಳು ಆಪರೇಷನ್ ಮಾಡಿ, ನೀರು ಹರಿದುಹೋಗಲು ರೆಪ್ಪೆಯಡಿ ಸಣ್ಣದೊಂದು ದಾರಿ ಮಾಡಿಕೊಟ್ಟಿದ್ದರು.

"ಇಲ್ಲೊಂದು ಉಬ್ಬು ಇತ್ತಲ್ಲ, ಎಲ್ಲಿ ಹೋಯ್ತು?"

"ಇಳಿದುಹೋಯ್ತು ಮೇಡಂ. ದಿನಾ ಕನ್ನಡೀಲಿ ನೋಡ್ತಿದ್ದೆ. ಪೂರ್ತಿ ಸಮ ಆದ್ಮೇಲೆ ಡ್ರಾಪ್ಸ್ ನಿಲ್ಲಿಸ್ಬಿಟ್ಟೆ."

"ನಂಗೆ ಹೇಳ್ಲೇ ಇಲ್ವಲ್ಲ ನೀವು," ಎಂದಳು ಹಿಂದೆ ನಿಂತಿದ್ದ ಹೆಂಡತಿ.

"ಹೇಳೋದೇನಿದೆ? ಟ್ಯೂಬ್ ಉಬ್ಬಿದ್ರೆ ಇವತ್ತಲ್ಲ ನಾಳೆ ಒಡೆಯುತ್ತೆ. ಇಳಿದ್ರೆ ಒಳ್ಳೇದೇ ಅಲ್ವಾ?"

ಡಾಕ್ಟರಮ್ಮ ನಗಲಿಲ್ಲ. "ನೀರು ಹೊರಗೆ ಬರ್ತಿದೆ ಅನ್ನೋದಕ್ಕೆ ಆ ಉಬ್ಬೇ ಗುರುತು. ನಿಮ್ಮ ಮೈ ಅದನ್ನ ಗಾಯ ಅಂದ್ಕೊಂಡು ಮುಚ್ಚಿಬಿಟ್ಟಿದೆ. ಮಾಯಬಾರದು ಅಂತಾನೇ ಡ್ರಾಪ್ಸ್ ಕೊಟ್ಟಿದ್ದು. ಒತ್ತಡ ಮತ್ತೆ ಏರಿದೆ."

ಅವನ ಕಾಲು ನಿಂತಿತು. ಆಯುಷ್ಯವಿಡೀ ತೂತು ಮುಚ್ಚಿ ಹೊಟ್ಟೆ ಹೊರೆದವನು, ಮುಚ್ಚಬಾರದ್ದು ಮುಚ್ಚಿಕೊಳ್ಳುವುದನ್ನು ಕನ್ನಡಿ ಹಿಡಿದು ನೋಡಿ ಖುಷಿಪಟ್ಟಿದ್ದ.

"ಕಣ್ಣು ಉಳಿಯುತ್ತಾ?" ಕೇಳಿದವಳು ಹೆಂಡತಿ.

"ಮುಚ್ಚಿಕೊಂಡಿರೋದನ್ನ ಸೂಜಿಯಿಂದ ಬಿಡಿಸ್ತೀನಿ. ಮತ್ತೆ ಕೂಡಿಕೊಳ್ಳದ ಹಾಗೆ ಇಂಜೆಕ್ಷನ್ ಕೊಡ್ತೀನಿ. ಉಬ್ಬು ನಿಲ್ಲುತ್ತಾ ನೋಡೋಣ. ಬಗ್ಗೋ ಹಾಗಿಲ್ಲ, ಭಾರ ಎತ್ತೋ ಹಾಗಿಲ್ಲ. ಡ್ರಾಪ್ಸ್ ಮಾತ್ರ ನಾನು ಹೇಳೋವರೆಗೂ ನಿಲ್ಲಿಸ್ಬೇಡಿ."

ಸೂಜಿ ಹಾಕಿಸಿಕೊಂಡ ಮರುದಿನದಿಂದ ಅಂಗಡಿ ಹೆಂಡತಿಯದಾಯಿತು. ಅವನು ಸ್ಟೂಲಿನ ಮೇಲೆ ಕೂರುತ್ತಿದ್ದ, ಏಳುತ್ತಿದ್ದ, ನಲ್ಲಿಯ ತನಕ ಹೋಗಿ ಬರುತ್ತಿದ್ದ.

"ಚೆನ್ನಾಗಿ ಉಜ್ಜು. ಸೊಲ್ಯೂಷನ್ ಒಣಗೋಕೆ ಬಿಡು."

"ಸುಮ್ನೆ ಕೂತ್ಕೋತೀರೋ, ಬಾಯಿಗೂ ಒಂದು ಪ್ಯಾಚ್ ಹಾಕ್ಲೋ?"

ಅವನು ನಕ್ಕ; ಕೈ ಮಾತ್ರ ಕನ್ನಡಿ ಹುಡುಕಿತು. ಅದನ್ನು ಅವಳು ಎತ್ತಿಟ್ಟುಬಿಟ್ಟಿದ್ದಳು. ಡ್ರಾಪ್ಸ್ ಹಾಕುವ ಹೊತ್ತಾದಾಗ, ತೂತು ಹುಡುಕಲು ಮುಳುಗಿಸಿದ್ದ ಸ್ಕೂಟರಿನವನ ಟ್ಯೂಬನ್ನು ತೊಟ್ಟಿಯ ನೀರಲ್ಲೇ ಬಿಟ್ಟು, ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆದು ಬಂದಳು.

"ಬನ್ನಿ ಬೆಳಕಿಗೆ. ಕೆಳಗೆ ನೋಡಿ."

ಅವಳು ರೆಪ್ಪೆ ಎತ್ತಿದಳು. ಅವನ ಕಾಲ ಬುಡದಲ್ಲೇ ತೊಟ್ಟಿ ಇತ್ತು.

"ಉಬ್ಬು ಇದೆಯೇನೇ?"

ಅವಳು ಇನ್ನಷ್ಟು ಹತ್ತಿರ ಬಗ್ಗಿದಳು.

"ಮಾತಾಡೇ."

"ತಾಳಿ, ಅಲ್ಲಾಡ್ಬೇಡಿ... ಇದೆ. ಅಕ್ಕಿಕಾಳಷ್ಟು."

ಔಷಧಿ ತಣ್ಣಗೆ ಬಿತ್ತು. ಅವನು ಕಣ್ಣು ಮುಚ್ಚಿ, ತೆರೆದ. ಹೊರಗೆ ಕಾಯುತ್ತಿದ್ದ ಸ್ಕೂಟರಿನವನು ತೊಟ್ಟಿಯತ್ತ ಬಗ್ಗಿದ.

"ಇನ್ನೂ ಗಾಳಿ ಹೋಗ್ತಾನೇ ಇದೆಯಲ್ಲಣ್ಣ?"

"ಹೋಗ್ಲಿ, ಇರು," ಎಂದ ಅವನು. ನೀರೊಳಗಿಂದ ಗುಳ್ಳೆಗಳು ಒಂದೊಂದಾಗಿ ಮೇಲೆ ಬರುತ್ತಿದ್ದವು.