ಸಹಿ ಹಾಕಿದವರು ಮುಟ್ಟಬಾರದು

ನಮ್ಮೂರು ಕುಯಿಗ್ಲಿಕ್‌ಗೆ ರಸ್ತೆಯಿಲ್ಲ. ಬೇಸಿಗೆಯಲ್ಲಿ ನದಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಅದೇ ನದಿ. ನದಿ ಅತ್ತ ನೀರೂ ಅಲ್ಲ ಇತ್ತ ನೆಲವೂ ಅಲ್ಲ ಎನ್ನುವಂಥ ವಾರಗಳಲ್ಲಿ ಆಕಾಶವೊಂದೇ ದಾರಿ. ಆ ದಾರಿಯ ಬೀಗದ ಕೈ ಎಂದೂ ನಮ್ಮ ಹತ್ತಿರ ಇರಲಿಲ್ಲ. ಸೀಟು ತುಂಬಿದರೆ ಪೇಟೆಯ ವಿಮಾನ ಬರುತ್ತದೆ, ತುಂಬದಿದ್ದರೆ ಹವಾಮಾನ ಸರಿಯಿಲ್ಲ ಎನ್ನುತ್ತಾರೆ. ಕಳೆದ ಅಕ್ಟೋಬರಿನಲ್ಲಿ ನನ್ನ ಅತ್ತಿಗೆ ಫೆವ್ರೋನಿಯಾ ಹೆರಿಗೆ ನೋವಿನಲ್ಲಿ ಎರಡು ದಿನ ಕಿಟಕಿಯಾಚೆ ತಿಳಿ ನೀಲಿ ಆಕಾಶ ನೋಡುತ್ತ ಮಲಗಿದ್ದಳು. ಆಸ್ಪತ್ರೆಯ ವಿಮಾನ ಬೇರೆ ಊರಿಗೆ ಹೋಗಿತ್ತು. ಪೇಟೆಯ ವಿಮಾನ ಕಂಪನಿಯವರು ಹವಾಮಾನ ಸರಿಯಿಲ್ಲ ಎಂದರು. ತಾಯಿ ಉಳಿದಳು. ಮಗುವನ್ನು ಊರ ಹಿಂದಿನ ದಿಬ್ಬದಲ್ಲಿ ಹೂತೆವು.

ನಮ್ಮದೇ ವಿಮಾನ ಕೊಳ್ಳಬೇಕೆಂದು ಊರ ಸಭೆ ತೀರ್ಮಾನಿಸಿದ್ದು ಆಮೇಲೆ. ಹಾರಿಸಲು ನಾನಿದ್ದೆ, ಒಂಬತ್ತು ವರ್ಷ ಕಂಡವರ ವಿಮಾನ ಹಾರಿಸಿದವಳು. ಹೊಸದು ನಮ್ಮಂಥವರಿಗಲ್ಲ. ನಗರದವರಿಗೆ ಸಾಕಾದದ್ದು ಪೇಟೆಗೆ ಬರುತ್ತದೆ, ಪೇಟೆಗೆ ಸಾಕಾದದ್ದು ಹಳ್ಳಿಗೆ. ಹಳ್ಳಿಯಿಂದ ಮುಂದೆ ಅದು ಹೋಗುವುದು ಟಂಡ್ರಾದ ಪಾಚಿಯೊಳಕ್ಕೆ, ಒಳಗಿದ್ದವರ ಸಮೇತ. ಇದನ್ನು ಅಪಘಾತ ಎಂದು ವರದಿಯಲ್ಲಿ ಬರೆಯುತ್ತಾರೆ. ನಾನು ಆ ಪದ ಬಳಸುವುದಿಲ್ಲ.

ಏಪ್ರಿಲಿನಲ್ಲಿ ಪೇಟೆಯ ಡ್ವೈಟ್ ಎಂಬವನ ಹತ್ತಿರ ಆರು ಸೀಟಿನ, ಒಂದೇ ಎಂಜಿನ್ನಿನ ವಿಮಾನ ಮಾರಾಟಕ್ಕಿದೆ ಎಂದು ತಿಳಿಯಿತು. ಸಭೆಯ ಹಿರಿಯ ಎವಾನ್ ತಾತ ಮತ್ತು ನಾನು ಹೋದೆವು. ಡ್ವೈಟ್ ನಮ್ಮನ್ನು ಮನೆಗೆ ಕರೆದು ಮೂಸ್ ಎಂಬ ದೊಡ್ಡ ಜಿಂಕೆಯ ಮಾಂಸದ ಸಾರು ಬಡಿಸಿದ. ತಾತನ ಬಟ್ಟಲಿಗೆ ತಾನೇ ಎರಡನೇ ಸಲ ಹಾಕಿದ. ಆಮೇಲೆ ಕೈ ಒರೆಸಿಕೊಳ್ಳುತ್ತ ಹೇಳಿದ:

"ಕೊಳ್ಳೋ ಮುಂಚೆ ಮೆಕ್ಯಾನಿಕ್ ಕೈಲಿ ತೋರಿಸ್ಬೇಕು ಅಂತೀರಲ್ಲ, ಯಾಕೆ ಸುಮ್ನೆ ಹುಡುಕಾಡ್ತೀರಿ? ನಮ್ಮ ಮೆಕ್ಯಾನಿಕ್ಕೇ ಐದು ವರ್ಷದಿಂದ ಅದನ್ನ ನೋಡ್ಕೊಂಡಿದ್ದಾನೆ. ಅದರ ಒಂದೊಂದು ನರಾನೂ ಗೊತ್ತು ಅವನಿಗೆ. ಪುಕ್ಕಟೆ ನೋಡಿಕೊಡ್ತಾನೆ."

ತಾತ ಒಪ್ಪಿ ತಲೆಯಾಡಿಸಿಬಿಟ್ಟರು.

ಈ ನೆಲದ ಮೂಲನಿವಾಸಿಗಳಾದ ನಮ್ಮವರ ಗುಣವೇ ಇದು. ಎದುರಿಗಿದ್ದವರ ಮುಖಕ್ಕೆ 'ಇಲ್ಲ' ಅನ್ನುವುದಿಲ್ಲ. ಬೇಡವಾದರೆ ಸುಮ್ಮನಾಗುತ್ತೇವೆ, ಮಾತು ತಿರುಗಿಸುತ್ತೇವೆ. ಈ ಮರ್ಯಾದೆಯನ್ನು ಏಣಿ ಮಾಡಿಕೊಂಡು ನಮ್ಮ ಮೀನು, ನಮ್ಮ ನೆಲ, ನಮ್ಮ ಮಕ್ಕಳನ್ನು ಹೊತ್ತೊಯ್ದವರ ಪಟ್ಟಿ ಉದ್ದವಿದೆ.

ಹೊರಗೆ ಬಂದ ಮೇಲೆ ಹೇಳಿದೆ: "ತಾತ, ಪರೀಕ್ಷೆ ಬರೆದವನ ಕೈಗೇ ಉತ್ತರಪತ್ರಿಕೆ ತಿದ್ದೋಕೆ ಕೊಟ್ಟ ಹಾಗಾಯ್ತು ಇದು. ಐದು ವರ್ಷ 'ಎಲ್ಲ ಸರಿಯಿದೆ' ಅಂತ ಸಹಿ ಹಾಕಿದೋನು ಈಗ 'ಸರಿಯಿಲ್ಲ' ಅಂತಾನಾ?"

"ಉಂಡ ಮನೆ ಕಣೇ ಒಲಿಂಕಾ. ಹೇಗೆ ಬೇಡ ಅನ್ನೋದು?"

"ನೀವು ಅನ್ನಬೇಡಿ. ನಾನು ಕೆಟ್ಟವಳಾಗ್ತೀನಿ. ಮೇ ತಿಂಗಳಲ್ಲಿ ಕರಗ್ತಾ ಇರೋ ನದಿ ಹಿಮದ ಮೇಲೆ ಮೊದಲು ನಡೆಯೋಕೆ ಯಾರನ್ನ ಕಳಿಸ್ತೀರಿ ನೀವು?"

ತಾತ ನದಿಯತ್ತ ತಿರುಗಿದರು. "ಕೋಲು ಕುಟ್ಟಿ ನೋಡೋನನ್ನ. ಆಚೆ ದಡದಲ್ಲಿ ಕೆಲಸ ಇಲ್ಲದೋನನ್ನ."

"ಅಂಥೋರನ್ನೇ ಹುಡುಕ್ತೀನಿ."

ಅಂಥವರು ಯಾರೆಂದು ನನಗೆ ಮೊದಲೇ ಗೊತ್ತಿತ್ತು. ವಿಮಾನದ ಮೈದಾನದ ಕೊನೆಯ ತಗಡಿನ ಹ್ಯಾಂಗರಿನಲ್ಲಿ ನಸ್ತಾಸಿಯಕ್ಕ ಇದ್ದಳು. ಅರವತ್ತರ ಹತ್ತಿರದ ವಯಸ್ಸು, ನಮ್ಮ ಪೈಕಿಯೇ, ಕೆಳಗಿನ ಊರಿನವಳು. ನಮ್ಮ ಹೆಣ್ಣುಮಕ್ಕಳು ನೆಲ ಒರೆಸಲು ಮಾತ್ರ ಹ್ಯಾಂಗರಿಗೆ ಹೋಗುತ್ತಿದ್ದ ಕಾಲದಲ್ಲಿ ಮೆಕ್ಯಾನಿಕ್ ಪರವಾನಗಿ ಪಡೆದವಳು. ಮಾರುವವರು ಅವಳನ್ನು 'ವ್ಯಾಪಾರ ಕೊಲ್ಲುವ ಮುದುಕಿ' ಎನ್ನುತ್ತಿದ್ದರು. ನನ್ನ ಕಿವಿಗೆ ಅದು ಬಿರುದಿನಂತೆ ಕೇಳುತ್ತಿತ್ತು.

ಅವಳು ವಿಮಾನದ ಹತ್ತಿರವೂ ಬರಲಿಲ್ಲ. "ಲಾಗ್ ಪುಸ್ತಕ ತಾ ಮೊದಲು" ಎಂದಳು. ಬೆಂಚಿನ ಮೇಲೆ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಮೊದಲ ಪುಟದಿಂದ ಓದತೊಡಗಿದಳು. ತಪಾಸಣೆಯ ಟಿಪ್ಪಣಿಗಳನ್ನು ಯಾರಾದರೂ ಅಷ್ಟು ಶ್ರದ್ಧೆಯಿಂದ ಓದುವುದನ್ನು ನಾನು ಕಂಡಿರಲಿಲ್ಲ. ಚರ್ಚಿನಲ್ಲಿ ಸತ್ತವರ ಹೆಸರು ಓದುವಾಗ ಮಾತ್ರ ನಮ್ಮವರು ಹಾಗೆ ಓದುತ್ತಾರೆ. ಅರ್ಧ ಪುಸ್ತಕ ಮುಗಿದಿರಬೇಕು, ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಪುಸ್ತಕ ಮುಚ್ಚಿದಳು.

"ನನ್ನ ಕೈಲಾಗಲ್ಲ. ಬೇರೆಯವರನ್ನ ನೋಡ್ಕೊ."

"ಯಾಕಕ್ಕಾ, ಏನಾಯ್ತು?"

"ಒಂಬತ್ತು ವರ್ಷದ ಹಿಂದೆ ಇದರ ಬಾಲಕ್ಕೆ ತೇಪೆ ಹಾಕಿದ್ದು ನಾನೇ. ಆಗಿನ ಮಾಲೀಕ ಬೇರೆ, ಬಣ್ಣ ಬೇರೆ, ಹಾಗಾಗಿ ಗುರುತು ಸಿಗಲಿಲ್ಲ. ಇಲ್ಲಿ ನನ್ನ ಸಹಿ ಇದೆ ನೋಡು."

"ಬರೀ ಒಂದು ತೇಪೆ ಅಲ್ವಾ? ನಿನ್ನನ್ನ ನಾನು ನಂಬ್ತೀನಿ."

"ನಾನು ನಂಬಲ್ಲ" ಎಂದಳು ಅವಳು, ಸಿಟ್ಟಿಲ್ಲದೆ. "ಬಾಲ ನೋಡೋವಾಗ ನನ್ನ ಕಣ್ಣು ತಾನಾಗೇ ಜಾರುತ್ತೆ. ಅಲ್ಲಿ ಏನಿಲ್ಲ ಬಿಡು, ನಾನೇ ಮಾಡಿದ್ದಲ್ವಾ ಅಂತ. ನೀನು ಹೆರಿಗೆಯವರನ್ನ ಕೂರಿಸ್ತೀಯ ಇದರಲ್ಲಿ. ಹಾರ್ಲನ್ ಹತ್ರ ಹೋಗು."

ನನಗೆ ನಗು ಬಂತು. ಎದುರು ಹ್ಯಾಂಗರಿನ ಹಾರ್ಲನ್ ಮತ್ತು ಇವಳು ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದು ಮೈದಾನಕ್ಕೆಲ್ಲ ಗೊತ್ತು. "ಆ ಮುಂಗೋಪಿನಾ? ನಿನ್ನ ತಪ್ಪು ಹುಡುಕೋಕೆ ಹಸಿದು ಕೂತಿದಾನೆ ಅವನು!"

"ಅದಕ್ಕೇ ಹೇಳಿದ್ದು ಹೋಗು ಅಂತ. ನನ್ನ ತಪ್ಪು ಹುಡುಕೋಕೆ ಅಂತ ಪೂರ್ತಿ ವಿಮಾನ ಬಿಚ್ಚುತ್ತಾನೆ. ಡ್ವೈಟ್‌ಗೂ ಅವನಿಗೂ ನಂಟಿಲ್ಲ, ಪುಸ್ತಕದಲ್ಲಿ ಅವನ ಸಹಿಯೂ ಇಲ್ಲ."

ನಾನು ರಾಜಕೀಯದ ಓದು ಕಲಿತದ್ದು ಊರಿನ ಶಾಲೆಯ ಹಿಂದಿನ ಕೋಣೆಯಲ್ಲಿ, ಹತ್ತು ಜನ ಕೂತು ಒಂದೇ ಪುಸ್ತಕ ಹಂಚಿಕೊಂಡು ಜಗಳವಾಡುತ್ತ. ಅಧಿಕಾರ ತನ್ನನ್ನು ತಾನೇ ತಪಾಸಣೆ ಮಾಡಿಕೊಂಡು ತನಗೆ ತಾನೇ ಪ್ರಮಾಣಪತ್ರ ಕೊಟ್ಟುಕೊಳ್ಳುತ್ತದೆ ಎಂದು ಅಲ್ಲಿ ಗಂಟಲು ಹರಿಯುವಂತೆ ಕೂಗಿದ್ದೆವು. ಅಧಿಕಾರವಿದ್ದೂ ಹಿಂದೆ ಸರಿದು ನಿಲ್ಲುವವರನ್ನು ಕಣ್ಣಾರೆ ಕಂಡದ್ದು ಆ ದಿನ, ಗ್ರೀಸಿನ ವಾಸನೆಯ ಬೆಂಚಿನ ಮುಂದೆ.

ಹಾರ್ಲನ್ ಎರಡು ದಿನ ತೆಗೆದುಕೊಂಡ. ಅವನ ಕೈಲೇ ತೋರಿಸುತ್ತೇವೆಂದು ಡ್ವೈಟ್‌ಗೆ ನಾನೇ ಹೋಗಿ ಹೇಳಿದೆ; ಅವನು ನಕ್ಕು "ಹಠಮಾರಿ ಹೆಣ್ಣು" ಎಂದ, ತಾತ ನೆಲ ನೋಡಿದರು. ಸೀಟುಗಳು ಹೊರಬಂದವು, ನೆಲದ ಹಲಗೆಗಳು ಎದ್ದವು. ಹಾರ್ಲನ್ ಬಾಲದೊಳಗೆ ತಲೆ ತೂರಿಸಿ, ಕನ್ನಡಿ ಮತ್ತು ಟಾರ್ಚ್ ಹಿಡಿದು ತಗಡು ಜೋಡಿಸುವ ಒಂದೊಂದೇ ರಿವೆಟ್ ಮೊಳೆ ಎಣಿಸಿದ. ಒಳಗಿನಿಂದಲೇ ಸಂತೋಷದ ಕೂಗು ಕೇಳಿಸಿತು.

"ಹಾ! ಸಿಕ್ತು! ಒಂದು ರಿವೆಟ್ ಓರೆ! ಬರ್ಕೋ!" ಬರೆದುಕೊಂಡೆ. ಹೊರಬಂದ ಮೇಲೆ ಗಡ್ಡ ಕೆರೆದುಕೊಂಡು ಗೊಣಗಿದ: "ಮಿಕ್ಕಿದ್ದೆಲ್ಲ... ಥೂ. ನನಗಿಂತ ಚೆನ್ನಾಗಿ ಹಾಕಿದಾಳೆ. ಅದನ್ನ ಬರೀಬೇಡ."

ಅದನ್ನೂ ಬರೆದುಕೊಂಡೆ.

ಎರಡನೇ ದಿನ ಅವನು ಲಾಗ್ ಪುಸ್ತಕದ ಒಂದು ಸಾಲಿಗೆ ಬೆರಳಿಟ್ಟ. ನಾಲ್ಕು ವರ್ಷದ ಹಿಂದಿನದು: 'ಪ್ರೊಪೆಲ್ಲರ್ ಬದಲಿಸಲಾಗಿದೆ.' ಅಷ್ಟೇ. ಕೆಳಗೆ ಡ್ವೈಟ್‌ನ ಮೆಕ್ಯಾನಿಕ್ ಸಹಿ.

"ಒಳ್ಳೇ ಪ್ರೊಪೆಲ್ಲರನ್ನ ಯಾರಮ್ಮಾ ಸುಮ್‌ಸುಮ್ನೆ ಬದಲಿಸ್ತಾರೆ? ತಿರುಗ್ತಾ ಇದ್ದಾಗ ನೆಲಕ್ಕೆ ಬಡಿದಿರ್ಬೇಕು. ಬಡಿದ್ರೆ ಎಂಜಿನ್ ಬಿಚ್ಚಿ ನೋಡ್ಬೇಕು. ಬಿಚ್ಚಿದ್ದು ಎಲ್ಲಿ ಬರೆದಿದೆ? ಹುಡುಕು."

ಹುಡುಕಿದೆ. ಎಲ್ಲಿಯೂ ಇರಲಿಲ್ಲ. ಅವನು ಪ್ರೊಪೆಲ್ಲರ್ ಕಳಚಿ, ಎಂಜಿನ್ನಿನ ದಂಡದ ತುದಿಗೆ ಅಳತೆಯ ಗಡಿಯಾರವೊಂದನ್ನು ತಾಗಿಸಿ, ದಂಡವನ್ನು ನಿಧಾನ ತಿರುಗಿಸಿದ. ದಂಡ ನೆಟ್ಟಗಿದ್ದರೆ ಮುಳ್ಳು ಹೆಚ್ಚು ಕಡಿಮೆ ನಿಂತಲ್ಲೇ ನಿಲ್ಲಬೇಕು. ಅದು ಅತ್ತ ಹೋಯಿತು, ಇತ್ತ ಬಂತು. ಅವನು ಆಯಿಲ್ ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ ಬೆಳಕಿಗೆ ಹಿಡಿದ. ಮೀನಿನ ಹುರುಪೆಯ ಪುಡಿಯ ಹಾಗೆ ಲೋಹ ಮಿನುಗಿತು.

"ನಾಳೆ ಮುರೀಬಹುದು, ಮುಂದಿನ ವರ್ಷ ಮುರೀಬಹುದು" ಎಂದ ಹಾರ್ಲನ್. ಮೊದಲ ಬಾರಿಗೆ ಅವನ ದನಿಯಲ್ಲಿ ಗೊಣಗು ಇರಲಿಲ್ಲ. "ಆದ್ರೆ ನೆಲದ ಮೇಲೆ ಮುರಿಯಲ್ಲ."

ಡ್ವೈಟ್‌ನನ್ನು ಕರೆಸಿದೆವು. ಅವನು ಫಿಲ್ಟರಿನ ಕಡೆ ನೋಡಲೇ ಇಲ್ಲ, ನೇರ ತಾತನ ಹೆಗಲ ಮೇಲೆ ಕೈಯಿಟ್ಟ.

"ಹಳೇ ಎಂಜಿನ್ ಅಂದ್ಮೇಲೆ ಸ್ವಲ್ಪ ಪುಡಿ ಇದ್ದೇ ಇರುತ್ತೆ ತಾತ. ಇವನಿಗೆ ಹೆದರಿಸೋದೇ ಕೆಲಸ. ಅಕ್ಟೋಬರ್ ಬಂದ್ರೆ ಏನ್ಮಾಡ್ತೀರಿ? ಹಳ್ಳಿ ಓಡಾಟಕ್ಕೆ ಇಷ್ಟು ಸಾಲದಾ?"

ಅಕ್ಟೋಬರ್ ಎಂಬ ಪದಕ್ಕೆ ನನ್ನ ರಕ್ತ ಕುದಿಯಿತು. ಬಾಯಿ ತೆರೆದೆ. ಅಷ್ಟರಲ್ಲಿ ತಾತ ಡ್ವೈಟ್‌ನ ಕೈಯನ್ನು ಹೆಗಲಿಂದ ಮೆಲ್ಲಗೆ ಎತ್ತಿ ಕೆಳಗಿಟ್ಟರು. ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು.

"ಬೇಡ" ಎಂದರು.

ಎಪ್ಪತ್ತೆಂಟು ವರ್ಷದ ಆ ಮನುಷ್ಯ ಇನ್ನೊಬ್ಬರ ಮುಖಕ್ಕೆ ಆ ಪದ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಡ್ವೈಟ್ ಕಾಯುತ್ತ ನಿಂತ, ಇನ್ನೇನೋ ಸೇರಿಸುತ್ತಾರೆ ಎಂದುಕೊಂಡು. ಅವರು ಸೇರಿಸಲಿಲ್ಲ.

ವಿಮಾನವಿಲ್ಲದೆ ಊರಿಗೆ ಹಿಂತಿರುಗಬೇಕಿತ್ತು. ಹೊರಡುವ ಮುನ್ನ ಹಾರ್ಲನ್ ಬರೆದುಕೊಟ್ಟ ವರದಿಯನ್ನು ನಸ್ತಾಸಿಯಕ್ಕನಿಗೆ ತೋರಿಸಿದೆ. ಎಂಜಿನ್ನಿನ ವಿಷಯ ಓದಿ ಶಿಲುಬೆಯ ಗುರುತು ಮಾಡಿಕೊಂಡಳು. ಓರೆ ರಿವೆಟ್ಟಿನ ಸಾಲು ಬಂದಾಗ ಮತ್ತೆ ಓದಿದಳು, ಇನ್ನೊಮ್ಮೆ ಓದಿದಳು.

"ಮುಂದಿನ ವಿಮಾನ ಸಿಕ್ಕಾಗ ನೀನೇ ನೋಡ್ಬೇಕು ಅಕ್ಕಾ."

"ಪುಸ್ತಕ ಮೊದಲು ಕಳಿಸು, ನೋಡೋಣ" ಎನ್ನುತ್ತ ಎದ್ದು, ಡ್ರಿಲ್ಲನ್ನೂ ಒಂದು ಹಿಡಿ ರಿವೆಟ್ಟನ್ನೂ ಚೀಲಕ್ಕೆ ಹಾಕಿಕೊಂಡಳು.

"ಎಲ್ಲಿಗೆ?"

"ದಾರೀಲಿ ಡ್ವೈಟ್‌ನ ಕೇಳ್ಕೋತೀನಿ. ಆ ಓರೆ ರಿವೆಟ್ ತೆಗೆದು ಸರಿಯಾಗಿ ಹಾಕ್ಬೇಕು."

"ನಾವು ಆ ವಿಮಾನ ಕೊಳ್ತಾ ಇಲ್ಲ ಅಕ್ಕಾ. ನಮ್ಮವರ್‍ಯಾರೂ ಅದರಲ್ಲಿ ಕೂರಲ್ಲ."

"ನೀವು ಕೂರಲ್ಲ" ಎಂದಳು ನಸ್ತಾಸಿಯಕ್ಕ, ಚೀಲ ಹೆಗಲಿಗೇರಿಸುತ್ತ. "ಆ ಎಂಜಿನ್ ಬಿಚ್ಚಿಸೋ ತನಕ ಯಾರೂ ಕೂರದ ಹಾಗೆ ಹಾರ್ಲನ್ ವರದಿನ ವಿಮಾನ ಇಲಾಖೆಗೆ ನಾನೇ ಕಳಿಸ್ತೀನಿ. ಆದ್ರೆ ಆಮೇಲೆ ಯಾರೋ ಕೂರ್ತಾರಲ್ಲ."

ತೆರೆದ ಮೈದಾನದ ಗಾಳಿಗೆ ತಲೆ ತಗ್ಗಿಸಿಕೊಂಡು ಅವಳು ಆ ವಿಮಾನದ ಬಾಲದ ಕಡೆಗೆ ನಡೆದಳು.